ಪರ್ಸು ಕೊಳ್ಳುವ ಮೊದಲು ಹಳೆಯದನ್ನು ಸುರಿದು ನೋಡಿ

ಹೊಸ ಪರ್ಸು ಬೇಕು ಅಂತ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಒಂದೇ. ಈಗಿರುವ ಪರ್ಸನ್ನು ತಂದು ಮಂಚದ ಮೇಲೆ ಸುರಿಯಿರಿ. ಎಲ್ಲ ಪದರಕ್ಕೂ ಬೆರಳು ಹಾಕಿ ತೆಗೆಯಿರಿ. ದಾವಣಗೆರೆಯ ನಮ್ಮ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರ ಪರ್ಸೂ ಹೀಗೆ ನನ್ನ ಮುಂದೆ ಖಾಲಿಯಾಗಿವೆ. ಗೊಣಗುತ್ತಲೇ ಸುರಿಯುತ್ತಾರೆ, ಆಮೇಲೆ ಅವರೇ ನಗುತ್ತಾರೆ. ಪರ್ಸು ಉಬ್ಬಿರುವುದು ದುಡ್ಡಿನಿಂದ ಅಲ್ಲ, ಬರೀ ಕಾಗದದಿಂದ. ಎಟಿಎಂ ಚೀಟಿ, ಪೆಟ್ರೋಲ್ ಬಂಕಿನ ಚೀಟಿ, ಯಾವುದೋ ಮದುವೆಯಲ್ಲಿ ಸಿಕ್ಕ ವಿಸಿಟಿಂಗ್ ಕಾರ್ಡು, ಕಂಡಕ್ಟರ್ ಹಿಂದುಗಡೆ ಚಿಲ್ಲರೆ ಬಾಕಿ ಬರೆದುಕೊಟ್ಟ ಬಸ್ ಟಿಕೆಟ್ಟು. ಆ ಚಿಲ್ಲರೆಯನ್ನು ಇಳಿಯುವಾಗ ಯಾರೂ ಇಸಿದುಕೊಂಡಿರುವುದಿಲ್ಲ.

ಸುರಿದದ್ದರಲ್ಲಿ ಒಂದೊಂದನ್ನೇ ಕೈಗೆತ್ತಿಕೊಂಡು ಎರಡು ಪ್ರಶ್ನೆ ಕೇಳಿ. ಇದು ನಾಳೆ ಬೇಕಾ? ಇದು ಕಳೆದರೆ ಎಷ್ಟು ಕಚೇರಿ ಅಲೆಯಬೇಕು? ನಾಳೆ ಬೇಡದ್ದು, ಕಳೆದರೆ ಅಲೆಸುವಂಥದ್ದು ಬೀರುವಿಗೆ ಹೋಗಲಿ. ನಾಳೆಯೂ ಬೇಡ, ಕಳೆದರೂ ಚಿಂತೆಯಿಲ್ಲ ಅನ್ನುವಂಥದ್ದು ಕಸದ ಬುಟ್ಟಿಗೆ. ಉಳಿದದ್ದು ಎಷ್ಟಿದೆಯೋ ಅಷ್ಟಕ್ಕೆ ಪರ್ಸು ಕೊಳ್ಳಿ. ಎಲ್ಲರೂ ಮಾಡುವುದು ಇದರ ಉಲ್ಟಾ. ಹನ್ನೆರಡು ಖಾನೆಯ ಪರ್ಸು ತರುತ್ತಾರೆ, ಆಮೇಲೆ ಖಾನೆ ಖಾಲಿ ಇದೆಯಲ್ಲ ಅಂತ ತುಂಬುತ್ತಾರೆ.

ಚೀಟಿಗಳ ವಿಷಯ ಮೊದಲು ಮುಗಿಸೋಣ. ಎಟಿಎಂ ಚೀಟಿ, ಅಂಗಡಿ ಬಿಲ್ಲುಗಳಲ್ಲಿ ಬಹುಪಾಲು ಬಿಸಿ ತಾಗಿದರೆ ಕಪ್ಪಾಗುವ ಕಾಗದದವು. ಅದರಲ್ಲಿ ಶಾಯಿಯೇ ಇರುವುದಿಲ್ಲ. ಮೈಬಿಸಿಗೆ, ಬಿಸಿಲಿಗೆ, ಪರ್ಸಿನ ಪ್ಲಾಸ್ಟಿಕ್ ಪದರ ತಾಗಿದ್ದಕ್ಕೆ ಅಕ್ಷರ ಮಾಸುತ್ತಾ ಹೋಗುತ್ತದೆ. ಮಿಕ್ಸಿಯ ವಾರಂಟಿ ಬಿಲ್ಲನ್ನು ಪರ್ಸಲ್ಲಿ ಜೋಪಾನ ಮಾಡಿದವರಿಗೆ ಕೊನೆಗೆ ಸಿಗುವುದು ಬಿಳಿ ಕಾಗದ. ಕೊಂಡ ದಿನವೇ ಫೋಟೊ ತೆಗೆದುಕೊಳ್ಳಿ, ಬಿಲ್ಲು ಮನೆಯ ಫೈಲಿನಲ್ಲಿರಲಿ.

ಇನ್ನು ಗುರುತಿನ ಚೀಟಿಗಳು. ಆಧಾರ್, ಪ್ಯಾನ್, ವೋಟರ್ ಕಾರ್ಡು, ಲೈಸೆನ್ಸು ನಾಲ್ಕನ್ನೂ ಒಂದೇ ಪರ್ಸಲ್ಲಿ ಹೊತ್ತು ತಿರುಗುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಪ್ಯಾನ್ ಕಾರ್ಡನ್ನು ದಿನಾ ಯಾರು ಕೇಳುತ್ತಾರೆ? ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ, ದೊಡ್ಡ ವ್ಯಾಪಾರ ಮಾಡುವಾಗ ಬೇಕು, ಆವತ್ತು ತೆಗೆದುಕೊಂಡು ಹೋದರಾಯಿತು. ವೋಟರ್ ಕಾರ್ಡು ಮತದಾನದ ದಿನಕ್ಕೆ. ಪರ್ಸಲ್ಲಿ ಒಂದೇ ಒಂದು ಗುರುತಿನ ಚೀಟಿ ಸಾಕು. ಗಾಡಿ ಓಡಿಸುವವರಾದರೆ ಅದು ಲೈಸೆನ್ಸು. ಸರ್ಕಾರದ ಆ್ಯಪ್‌ಗಳಾದ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಲೈಸೆನ್ಸು, ಆರ್‌ಸಿಯನ್ನೂ ಪೊಲೀಸರು ಒಪ್ಪಬೇಕು ಅಂತ 2018ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಆದರೆ ಫೋನಿನ ಚಾರ್ಜ್ ಮುಗಿದಾಗ ಡಿಜಿಲಾಕರ್ ಕೂಡ ಮಲಗುತ್ತದೆ. ಹಾಗಾಗಿ ಲೈಸೆನ್ಸು ಪರ್ಸಲ್ಲಿರಲಿ, ಆರ್‌ಸಿ ಫೋನಿನಲ್ಲಿರಲಿ.

ಹೆಂಗಸರ ಲೆಕ್ಕ ಬೇರೆ. 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಶುರುವಾದ ಮೇಲೆ ಹರಿಹರಕ್ಕೋ ಚಿತ್ರದುರ್ಗಕ್ಕೋ ಸರ್ಕಾರಿ ಬಸ್ಸಲ್ಲಿ ಹೋಗುವಾಗ ನಮ್ಮ ರಾಜ್ಯದವರು ಅಂತ ತೋರಿಸುವ ಗುರುತಿನ ಚೀಟಿ ಬೇಕೇ ಬೇಕು. ಅದಕ್ಕೆ ಆಧಾರ್ ಇಟ್ಟುಕೊಳ್ಳಿ. ಆದರೆ ಆ ಉದ್ದದ ಕಾಗದವನ್ನು ಲ್ಯಾಮಿನೇಶನ್ ಮಾಡಿಸಿ, ಮಡಚಲಾಗದೆ ಒದ್ದಾಡಬೇಡಿ. 2020ರಿಂದ ಆಧಾರ್ ಪ್ರಾಧಿಕಾರವೇ ಎಟಿಎಂ ಕಾರ್ಡಿನ ಅಳತೆಯ ಪಿವಿಸಿ ಕಾರ್ಡನ್ನು ಕೇಳಿದವರಿಗೆ ಅಂಚೆಯಲ್ಲಿ ಕಳಿಸಿಕೊಡುತ್ತದೆ. ಅದು ಪರ್ಸಿಗೆ ಸರಿಯಾಗಿ ಕೂರುತ್ತದೆ. ನಮ್ಮ ಕಡೆ ಖಾಸಗಿ ಬಸ್ಸೂ ಜಾಸ್ತಿ, ಅಲ್ಲಿ ಆಧಾರ್ ತೋರಿಸಿದರೆ ನಡೆಯುವುದಿಲ್ಲ. ಟಿಕೆಟ್ಟಿಗೆ ಚಿಲ್ಲರೆ ಇಟ್ಟುಕೊಂಡೇ ಹತ್ತಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ವಿಳಾಸ ಇರುವ ಕಾರ್ಡು ಮತ್ತು ಮನೆಯ ಕೀ ಒಂದೇ ಪರ್ಸಲ್ಲಿ ಇರಬಾರದು. ಕಳ್ಳನಿಗೆ ಬೀಗದ ಕೀಯನ್ನೂ ಕೊಟ್ಟು ದಾರಿಯನ್ನೂ ತೋರಿಸಿದಂತೆ ಆಗುತ್ತದೆ. ಕೀ ಬೇರೆ ಕಡೆ ಇರಲಿ, ಸೀರೆಯ ಸೊಂಟಕ್ಕೆ ಸಿಕ್ಕಿಸಿದರೂ ಸರಿ. ಬ್ಯಾಂಕ್ ಲಾಕರಿನ ಕೀಯಂತೂ ಮನೆ ಬಿಟ್ಟು ಹೊರಡುವುದು ಲಾಕರಿಗೆ ಹೋಗುವ ದಿನ ಮಾತ್ರ.

ಬ್ಯಾಂಕ್ ಕಾರ್ಡು ಎಷ್ಟು ಅಂದರೆ, ಒಂದು. ಮೂರು ಬ್ಯಾಂಕಿನ ಮೂರು ಕಾರ್ಡಿದ್ದರೆ ಕಡಿಮೆ ದುಡ್ಡಿರುವ ಖಾತೆಯ ಕಾರ್ಡನ್ನು ಇಟ್ಟುಕೊಳ್ಳಿ. ಪೆನ್ಶನ್ ಬೀಳುವ ಖಾತೆಯ ಕಾರ್ಡು ಬೀರುವಿನಲ್ಲಿರಲಿ. ಯಂತ್ರಕ್ಕೆ ಮುಟ್ಟಿಸಿದರೆ ಸಾಕು ದುಡ್ಡು ಹೋಗುವ ಕಾರ್ಡುಗಳು ಬಂದಿವೆಯಲ್ಲ, 2021ರಿಂದ ಅದರಲ್ಲಿ ಪಿನ್ ಇಲ್ಲದೆ 5000 ರೂಪಾಯಿವರೆಗೆ ಕೊಡಬಹುದು. ಕಾರ್ಡು ಬಿದ್ದುಹೋದರೆ ಸಿಕ್ಕವರೂ ಕೊಡಬಹುದು, ಅದೇ ತೊಂದರೆ. ಬ್ಯಾಂಕಿನ ಆ್ಯಪಿನಲ್ಲಿ ಈ ಟ್ಯಾಪ್ ಸೌಲಭ್ಯವನ್ನು ಆಫ್ ಮಾಡಿಡಬಹುದು. ವಿದೇಶದ ವ್ಯವಹಾರವನ್ನೂ ಆಫ್ ಮಾಡಿ, ಬೆಣ್ಣೆ ದೋಸೆ ತಿನ್ನಲು ಅದು ಬೇಕಾಗಿಲ್ಲ. ಇದನ್ನು ಮಾಡಿದರೆ ಆರ್‌ಎಫ್‌ಐಡಿ (ಮುಟ್ಟದೆಯೇ ಕಾರ್ಡು ಓದುವ ರೇಡಿಯೊ ಅಲೆ) ತಡೆಯುವ ಪರ್ಸು ಅಂತ ಅಂಗಡಿಯವರು ಹೇಳುವ ಜಾಸ್ತಿ ರೇಟಿನ ಪರ್ಸೂ ಬೇಡ. ಕಾರ್ಡು ಓದುವ ಯಂತ್ರ ಕೆಲವೇ ಸೆಂಟಿಮೀಟರ್ ಹತ್ತಿರ ಬಂದರೆ ಮಾತ್ರ ಕೆಲಸ ಮಾಡುತ್ತದೆ, ಆಫ್ ಮಾಡಿದ್ದರೆ ಅದೂ ಇಲ್ಲ. ಪಿನ್ ನಂಬರನ್ನು ಕಾರ್ಡಿನ ಕವರಿನ ಮೇಲೆ ಬರೆದಿಡುವ ಹಿರಿಯರು ಇನ್ನೂ ಇದ್ದಾರೆ. ನೆನಪಿರದಿದ್ದರೆ ಮನೆಯ ಡೈರಿಯಲ್ಲಿ ಬರೆಯಿರಿ, ಅದೂ ಬ್ಯಾಂಕಿನ ಹೆಸರು ಹಾಕದೆ.

ನಗದು ಯಾಕೆ ಬೇಕು, ಎಲ್ಲ ಫೋನಿನಲ್ಲೇ ಆಗುತ್ತದಲ್ಲ ಅಂತ ಹುಡುಗರು ಕೇಳುತ್ತಾರೆ. ನಿಜ, ಯುಪಿಐ 2016ರಲ್ಲಿ ಬಂತು, ಈಗ ಮಂಡಕ್ಕಿ ಮಿರ್ಚಿ ಗಾಡಿಗೂ ಕ್ಯೂಆರ್ ಅಂಟಿಸಿದ್ದಾರೆ. ಆದರೆ ಜಗಳೂರು ಕಡೆಯ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗದೆ ಫೋನನ್ನು ಮೇಲೆತ್ತಿ ಹಿಡಿದು ನಿಂತವರಿಗೆ ನಗದಿನ ಬೆಲೆ ಗೊತ್ತು. ಪರ್ಸಲ್ಲಿ ನೂರರ ನೋಟು ನಾಲ್ಕೈದು, ಐವತ್ತು ಇಪ್ಪತ್ತು ಹತ್ತರವು ಒಂದಿಷ್ಟು, ಕಾರ್ಡಿನ ಹಿಂದೆ ಮಡಚಿಟ್ಟ ಐನೂರರದ್ದು ಒಂದು. ಆ ಐನೂರನ್ನು ಮರೆತುಬಿಡಿ, ಅದು ಆಟೋ, ಆಸ್ಪತ್ರೆ, ಕೊನೇ ಬಸ್ಸು ತಪ್ಪಿದ ರಾತ್ರಿಗೆ. ಹಾಸ್ಟೆಲ್ಲಿಗೆ ಹೊರಡುವ ಮಕ್ಕಳಿಗೆ ಇದನ್ನು ನಾನೇ ಇಟ್ಟು ಕಳಿಸುತ್ತೇನೆ. ಒಂದು ವಾರದಲ್ಲಿ ಅದು ಸಿನಿಮಾಕ್ಕೆ ಹೋಗಿರುತ್ತದೆ, ಇರಲಿ, ಮತ್ತೆ ಇಡುತ್ತೇನೆ.

ನಾಣ್ಯಕ್ಕೆ ಬೇರೆ ಪುಟ್ಟ ಚೀಲ ಇರಲಿ. ನಾಣ್ಯ ತುಂಬಿದ ಪರ್ಸಿನ ಹೊಲಿಗೆ ಬೇಗ ಬಿಡುತ್ತದೆ. ಹತ್ತು ರೂಪಾಯಿ ನಾಣ್ಯ ನಡೆಯಲ್ಲ ಅಂತ ಯಾರಾದರೂ ಹೇಳಿದರೆ ಸುಮ್ನೆ ವಾಪಸ್ ಇಟ್ಟುಕೊಳ್ಳಬೇಡಿ. ಎಲ್ಲ ವಿನ್ಯಾಸದ ಹತ್ತರ ನಾಣ್ಯವೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟ ಮಾಡಿದೆ.

ದೇವರ ವಿಷಯಕ್ಕೆ ಬಂದರೆ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ. ಉಕ್ಕಡಗಾತ್ರಿ ಅಜ್ಜಯ್ಯನ ವಿಭೂತಿ ಪೊಟ್ಟಣ ಎಲ್ಲರ ಪರ್ಸಲ್ಲೂ ಇದೆ. ಇರಲಿ, ಬೇಡ ಅನ್ನುವುದಿಲ್ಲ. ಆದರೆ ಪೇಪರ್ ಪೊಟ್ಟಣ ಒಡೆದು ವಿಭೂತಿ ನೋಟಿಗೆಲ್ಲ ಮೆತ್ತುತ್ತದೆ. ದೇವರ ಹೂವು ಒಳಗೇ ಕೊಳೆತು ಚರ್ಮಕ್ಕೆ ಕಲೆ ಹಿಡಿಸುತ್ತದೆ. ಒಂದು ತೆಳ್ಳನೆ ಫೋಟೊ ಇಟ್ಟುಕೊಂಡು ವಿಭೂತಿಯನ್ನು ಹಣೆಗೆ ಹಚ್ಚಿಕೊಳ್ಳಿ. ಮಾತ್ರೆಗಳೂ ಪರ್ಸಲ್ಲಿ ಬೇಡ. ತಂಪಾದ ಜಾಗದಲ್ಲಿಡಿ ಅಂತ ಮಾತ್ರೆಯ ಪಟ್ಟಿಯ ಮೇಲೇ ಬರೆದಿರುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಪ್ಯಾಂಟಿನ ಜೇಬು ತಂಪಾದ ಜಾಗವೇ? ಅದರ ಬದಲು ಒಂದು ಚೀಟಿ ಇಡಿ. ನಿಮ್ಮ ಹೆಸರು, ರಕ್ತದ ಗುಂಪು, ಬಿಪಿ ಸಕ್ಕರೆ ಇದ್ದರೆ ಅದು, ಆಗಿಬರದ ಔಷಧಿ, ಮನೆಯವರ ಇಬ್ಬರ ಫೋನ್ ನಂಬರು. ಅರವತ್ತು ದಾಟಿದವರಿಗೆ ಈ ಚೀಟಿ ಆಧಾರ್‌ಗಿಂತ ಮುಖ್ಯ.

ಈಗ ಅಂಗಡಿಗೆ ಹೋಗಬಹುದು. ಮಂಡಿಪೇಟೆ ಕಡೆಗೋ ಅಶೋಕ ರಸ್ತೆ ಕಡೆಗೋ ಹೊರಡುವಾಗ ಒಂದು ಹಳೆಯ ನೂರರ ನೋಟು ಮತ್ತು ನಿಮ್ಮ ಕಾರ್ಡು ಜೊತೆಗಿರಲಿ. ಈಗಿನ ಐನೂರರ ನೋಟು 150 ಮಿಲಿಮೀಟರ್ ಉದ್ದ, 66 ಮಿಲಿಮೀಟರ್ ಅಗಲ. ನೇರಳೆ ಬಣ್ಣದ ಹೊಸ ನೂರು ಅದಕ್ಕಿಂತ ಚಿಕ್ಕದು. ಆದರೆ ಹಳೆಯ ನೂರರ ನೋಟು 73 ಮಿಲಿಮೀಟರ್ ಅಗಲ ಇದೆ, ಅದಿನ್ನೂ ಕೈಗೆ ಬರುತ್ತಲೇ ಇರುತ್ತದೆ. ಹೊಸ ನೋಟಿಗೆ ತಕ್ಕಂತೆ ಹೊಲಿದ ಗಿಡ್ಡ ಪರ್ಸಿನಲ್ಲಿ ಹಳೆಯದರ ಅಂಚು ಹೊರಗೆ ಇಣುಕಿ ಹರಿಯುತ್ತದೆ. ಅಂಗಡಿಯಲ್ಲೇ ಇಟ್ಟು, ಮಡಚಿ ನೋಡಿ. ಕಾರ್ಡು ಹಾಕಿ ತೆಗೆಯಿರಿ. ಬಿಗಿಯಾಗಿದ್ದರೆ ಪರವಾಗಿಲ್ಲ, ಬಳಸುತ್ತಾ ಸಡಿಲವಾಗುತ್ತದೆ. ಮೊದಲೇ ಸಡಿಲ ಇದ್ದರೆ ಬಿಟ್ಟುಬಿಡಿ.

ಚರ್ಮವೋ ರೆಕ್ಸಿನ್ನೋ ಅಂತ ನೋಡಲು ಅಂಚು ಮತ್ತು ಹಿಂಬದಿ ಸಾಕು. ಚರ್ಮದ ಹಿಂಬದಿ ನಾರುನಾರಾಗಿ ಇರುತ್ತದೆ, ರೆಕ್ಸಿನ್ನಿನ ಹಿಂದೆ ಬಟ್ಟೆಯ ನೇಯ್ಗೆ ಕಾಣುತ್ತದೆ. ಬೆರಳಲ್ಲಿ ಒತ್ತಿದರೆ ಚರ್ಮದ ಮೇಲೆ ಸಣ್ಣ ಸುಕ್ಕು ಏಳುತ್ತದೆ. ಚರ್ಮದ ಚೂರುಗಳನ್ನು ಪುಡಿ ಮಾಡಿ ಅಂಟು ಹಾಕಿ ಹಾಳೆ ಮಾಡಿದ್ದೂ ಮಾರುಕಟ್ಟೆಯಲ್ಲಿದೆ, ಅದು ಮಡಿಕೆಯಲ್ಲೇ ಬಿರಿಯುತ್ತದೆ. ರೆಕ್ಸಿನ್ ಸಹ ಬೆವರಿಗೆ, ತೇವಕ್ಕೆ ಸಿಪ್ಪೆ ಏಳುತ್ತದೆ. ಹಿಂದೆ ನಮ್ಮ ಸೀಮೆಯ ಕಡೆ ಆವರಿಕೆ ಗಿಡದ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು. ಚಿತ್ರದುರ್ಗದ ಬೆಂಗಾಡಿನಲ್ಲಿ ಹಳದಿ ಹೂವು ಬಿಟ್ಟು ನಿಂತಿರುತ್ತದಲ್ಲ, ಅದೇ ಆವರಿಕೆ. ಹಾಗೆ ತೊಗಟೆಯಲ್ಲಿ ಹದವಾದ ಚರ್ಮ ಮೊದಲು ಗಡುಸು, ಬಳಸಿದಷ್ಟೂ ಬಣ್ಣ ಏರುತ್ತದೆ. ಸಿಕ್ಕರೆ ಅಂಥದ್ದನ್ನೇ ಕೊಳ್ಳಿ. ದುಡ್ಡು ಕಡಿಮೆ ಇದ್ದರೆ ಸುಳ್ಳು ಚರ್ಮಕ್ಕಿಂತ ದಪ್ಪ ಹತ್ತಿ ಬಟ್ಟೆಯ ಪರ್ಸು ವಾಸಿ, ಒಗೆಯಬಹುದು. ಹತ್ತಿ ಗಿರಣಿಗಳ ಊರಿನವರು ನಾವು, ಬಟ್ಟೆಗೆ ನಾಚಬೇಕಾ?

ನಮ್ಮ ಅಜ್ಜಿಯರ ಎಲೆ ಅಡಿಕೆ ಚಂಚಿ ನೆನಪಿದೆಯಾ? ಬಟ್ಟೆಯದ್ದೇ. ಎಲೆಗೆ ಒಂದು ಪದರ, ಅಡಿಕೆಗೆ ಒಂದು, ಒಳಗಿನ ಪದರದಲ್ಲಿ ದುಡ್ಡು, ಮೇಲೆ ಎಳೆದು ಬಿಗಿಯುವ ದಾರ. ದುಡ್ಡಿನ ಪದರ ತೆರೆಯಬೇಕಾದರೆ ಮೇಲಿನದ್ದೆಲ್ಲ ಬಿಚ್ಚಬೇಕಿತ್ತು. ಈಗಿನ ಲೇಡೀಸ್ ಪರ್ಸಿನಲ್ಲಿ ಜಿಪ್ ಎಳೆದ ಕೂಡಲೇ ನೋಟುಗಳೇ ಮುಖ ತೋರಿಸುತ್ತವೆ. ಕೊಳ್ಳುವಾಗ ಒಳಗೆ ಇನ್ನೊಂದು ಜಿಪ್ ಇರುವುದನ್ನು ಹುಡುಕಿ.

ಗಂಡಸರು ಹಿಂದಿನ ಜೇಬಲ್ಲಿ ಪರ್ಸಿಟ್ಟುಕೊಂಡು ಕೂರುವುದನ್ನು ಬಿಡಬೇಕು. ಒಂದು ಕಡೆ ಎತ್ತರವಾಗಿ ಸೊಂಟ ಓರೆಯಾಗುತ್ತದೆ, ಅಲ್ಲಿ ಹಾಯುವ ನರ ಒತ್ತಿಹೋಗಿ ಕಾಲಿನವರೆಗೆ ಜೋಮು ಹಿಡಿಯುತ್ತದೆ. ಬಸ್ಸು, ಲಾರಿ ಓಡಿಸುವವರು ಇದನ್ನು ಸೊಂಟ ನೋವು ಅಂತ ವರ್ಷಗಟ್ಟಲೆ ಅನುಭವಿಸುತ್ತಾರೆ. ಮುಂದಿನ ಜೇಬಿಗೆ ಬದಲಾಯಿಸಿ, ಕಳ್ಳರ ಕಾಟವೂ ಕಡಿಮೆ. ಎಪಿಎಂಸಿಗೆ ಮೆಕ್ಕೆಜೋಳ ತರುವ ಹಿರಿಯರು ಇದನ್ನು ಎಂದೋ ಕಂಡುಕೊಂಡಿದ್ದಾರೆ. ಪಂಚೆಯ ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಕೈ ಹಾಕಲು ಯಾವ ಜೇಬುಗಳ್ಳನಿಗೆ ಧೈರ್ಯ ಬಂದೀತು?

ದುಗ್ಗಮ್ಮನ ಜಾತ್ರೆಯ ನೂಕುನುಗ್ಗಲಿಗೆ ಪರ್ಸನ್ನೇ ಒಯ್ಯಬೇಡಿ. ಆವತ್ತಿನ ಖರ್ಚನ್ನು ಎರಡು ಕಡೆ ಹಂಚಿ ಇಟ್ಟುಕೊಳ್ಳಿ. ಕಾರ್ಡನ್ನು ಫೋನಿನ ಕವರಿನ ಹಿಂದೆ ಸಿಕ್ಕಿಸುವ ಹೊಸ ಚಾಳಿಯಂತೂ ಬೇಡವೇ ಬೇಡ, ಒಂದು ಹೋದರೆ ಎರಡೂ ಹೋಗುತ್ತದೆ.

ಮಳೆಯಲ್ಲಿ ನೆನೆದ ಚರ್ಮದ ಪರ್ಸನ್ನು ಬಿಸಿಲಿಗೋ ಇಸ್ತ್ರಿ ಪೆಟ್ಟಿಗೆಗೋ ಒಡ್ಡಬೇಡಿ. ಖಾಲಿ ಮಾಡಿ, ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಮುಗ್ಗಲು ವಾಸನೆ ಬರುತ್ತದೆ.

ಇಷ್ಟಾದರೂ ಒಮ್ಮೊಮ್ಮೆ ಪರ್ಸು ಹೋಗುತ್ತದೆ. ಆಗ ಬಸ್ ಸ್ಟ್ಯಾಂಡಿನಲ್ಲೆಲ್ಲ ಹುಡುಕುತ್ತಾ ಕೂರದೆ ಮೊದಲು ಕಾರ್ಡು ಬ್ಲಾಕ್ ಮಾಡಿಸಿ. ಬ್ಯಾಂಕಿನ ಆ ನಂಬರು ಮನೆಯ ಡೈರಿಯಲ್ಲಿ, ಮಕ್ಕಳ ಫೋನಿನಲ್ಲಿ ಇರಬೇಕು. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ ನೀವು ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆದರೆ ನಿಮ್ಮ ಅಜಾಗರೂಕತೆಯಿಂದ, ಅಂದರೆ ಪಿನ್ ಅನ್ನು ಕಾರ್ಡಿನ ಜೊತೆ ಬರೆದಿಟ್ಟೋ ಯಾರಿಗಾದರೂ ಹೇಳಿಯೋ, ತಿಳಿಸುವ ಮೊದಲು ಹೋದದ್ದು ನಿಮ್ಮ ತಲೆಗೇ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಕಳೆದ ವಸ್ತುಗಳ ದೂರಿಗಿರುವ ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಿ, ನಕಲು ಲೈಸೆನ್ಸಿಗೆ ಹೋದಾಗ ಆ ಪ್ರತಿ ಕೆಲಸಕ್ಕೆ ಬರುತ್ತದೆ. ಆಧಾರ್‌ನ ಬೆರಳಚ್ಚನ್ನು ಆಧಾರ್ ಆ್ಯಪಿನಲ್ಲೇ ಲಾಕ್ ಮಾಡಬಹುದು. ಎರಡು ದಿನ ಬಿಟ್ಟು ಯಾರೋ ಪುಣ್ಯಾತ್ಮರು ಪರ್ಸು ತಂದುಕೊಟ್ಟರೂ ಬ್ಲಾಕ್ ಆದ ಆ ಕಾರ್ಡು ಮತ್ತೆ ನಡೆಯುವುದಿಲ್ಲ. ಚಿಪ್ಪಿನ ಮಧ್ಯಕ್ಕೆ ಕತ್ತರಿ ಹಾಕಿ ಬಿಸಾಕಿ.