ಬೆಳ್ಳಗಾಗೋ ಕ್ರೀಮ್ ಬಿಡೋದು ಹೇಗೆ?

ಮೊದಲು ಆ ಟ್ಯೂಬನ್ನು ಬೆಳಕಿಗೆ ಹಿಡಿದು, ಹಿಂದೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್. ಇವುಗಳಲ್ಲಿ ಯಾವುದೇ ಹೆಸರಿದ್ದರೂ ಅದು ಸ್ಟೀರಾಯ್ಡ್. ಚರ್ಮದ ಕಾಯಿಲೆಗೆ ಡಾಕ್ಟರ್ ಇಷ್ಟು ದಿನ ಮಾತ್ರ ಹಚ್ಚಿ ಅಂತ ಲೆಕ್ಕ ಹಾಕಿ ಕೊಡುವ ಔಷಧಿ ಅದು. 2018ರಿಂದ ಇಂಥವನ್ನು ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಕೇಳಿದರೆ ಕೊಡುವ ಅಂಗಡಿಗಳಿವೆ, ನನಗೆ ಸಿಕ್ಕಿದ್ದೂ ಹಾಗೇ.

ಅಕ್ಕನ ಮದುವೆಗೆ ಎರಡು ತಿಂಗಳಿತ್ತು. ಹಚ್ಚಿದ ಎರಡು ವಾರಕ್ಕೆ ಮುಖ ತಿಳಿಯಾಯಿತು, ಎಲ್ಲರೂ ಹೊಗಳಿದರು, ನಾನು ಇನ್ನೂ ಜಾಸ್ತಿ ಹಚ್ಚಿದೆ. ಆಮೇಲೆ ಕೆನ್ನೆಯ ಚರ್ಮ ಎಷ್ಟು ತೆಳುವಾಯಿತು ಅಂದರೆ ಸಾರಿನ ಪಾತ್ರೆ ಮುಚ್ಚಳ ತೆಗೆದಾಗ ಬರುವ ಹಬೆಗೂ ಉರಿಯುತ್ತಿತ್ತು, ಕೆಂಪು ನರಗಳು ದಾರದ ಹಾಗೆ ಕಾಣುತ್ತಿದ್ದವು. ಹೆದರಿ ಒಂದೇ ದಿನಕ್ಕೆ ನಿಲ್ಲಿಸಿದೆ. ಮುಖ ತುಂಬಾ ಗುಳ್ಳೆ ಎದ್ದವು.

ಅದಕ್ಕೇ ಹೇಳುತ್ತಿದ್ದೇನೆ, ಬಹಳ ದಿನದಿಂದ ಹಚ್ಚುತ್ತಿದ್ದರೆ ನೀವಾಗಿಯೇ ತಟ್ಟನೆ ಬಿಡಬೇಡಿ. ಟ್ಯೂಬ್ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ. ಎಷ್ಟು ತಿಂಗಳು ಹಚ್ಚಿದಿರಿ ಅಂತ ನಾಚಿಕೆಪಡದೆ ನಿಜ ಹೇಳಿ. ಹೇಗೆ ನಿಲ್ಲಿಸಬೇಕು ಅಂತ ಅವರು ಹೇಳುತ್ತಾರೆ.

ತಯಾರಿಸಿದವರ ವಿಳಾಸವೇ ಇಲ್ಲದ ಡಬ್ಬಿಯಾದರೆ ಇನ್ನೂ ಎಚ್ಚರ. ಕೆಲವದರಲ್ಲಿ ಪಾದರಸ ಇರುತ್ತದೆ. ಚಿನ್ನ, ಬೆಳ್ಳಿ ಒಡವೆಗೆ ತಾಗಿಸಬೇಡಿ ಅಂತ ಬರೆದಿದ್ದರೆ ಅದೂ ಒಂದು ಸುಳಿವು. ಪಾದರಸ ಚರ್ಮದಿಂದ ಒಳಗಿಳಿದು ಕಿಡ್ನಿ ಹಾಳು ಮಾಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಬಿಳುಪಿನ ಕ್ರೀಮ್ ಹಚ್ಚಿದವರಲ್ಲಿ ಕಿಡ್ನಿ ಕಾಯಿಲೆ ಕಂಡುಬಂದಿತ್ತು. ಕಾಲು ಊದಿಕೊಂಡರೆ, ಮೂತ್ರ ನೊರೆನೊರೆಯಾಗಿ ಬಂದರೆ ಕಾಯಬೇಡಿ, ತಪಾಸಣೆ ಮಾಡಿಸಿ.

ಕ್ರೀಮ್ ಬಿಟ್ಟ ಮೇಲೆ ಮುಖಕ್ಕೆ ಬೇಕಾಗಿದ್ದು ಸ್ವಲ್ಪವೇ. ಮೆತ್ತನೆಯ ಸೋಪು, ವಾಸನೆ ಇಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಹೋಗುವಾಗ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ನಿಂಬೆರಸ, ಅಡುಗೆ ಸೋಡಾ ಎಲ್ಲ ಹಚ್ಚಬೇಡಿ, ಸುಮ್ನೆ ಉರಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನಿಂದ ನಿಮ್ಮನ್ನು ಕಾಯುವುದಕ್ಕೇ ಇದೆ, ಅದನ್ನು ಕೊಳೆ ಅನ್ನೋ ಹಾಗೆ ಉಜ್ಜಿ ತೆಗೆಯುವುದು ಯಾಕೆ?

ಮುಖ ಬಾಡಿದೆ ಅಂತ ಅನ್ನಿಸಿದರೆ ಕನ್ನಡಿ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ನನಗೂ ಇತ್ತು! ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ನಾನು ಮಾತ್ರ ಬಣ್ಣದ ಚಿಂತೆಯಲ್ಲಿದ್ದೆ. ಹುರುಳಿಕಾಳು, ಸೊಪ್ಪು ತಿನ್ನಿ, ಮೇಲೆ ನಿಂಬೆ ಹಿಂಡಿ, ಊಟವಾದ ತಕ್ಷಣ ಕಾಫಿ ಬೇಡ, ಒಂದು ಗಂಟೆಯಾದರೂ ಬಿಡಿ. ರಕ್ತ ತೀರಾ ಕಡಿಮೆ ಇದ್ದರೆ ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ಬೇಕೇ ಬೇಕು.

ಕಷ್ಟ ಅಂದರೆ ಮಾತು. ‘ಲಕ್ಷಣವಾಗಿದ್ದಾಳೆ, ಬಣ್ಣ ಒಂದು ಸ್ವಲ್ಪ ಕಮ್ಮಿ’ ಅಂತ ಯಾರೋ ಅತ್ತೆ, ಚಿಕ್ಕಮ್ಮ ಹೇಳಿಯೇ ಹೇಳುತ್ತಾರೆ. ನಾನು ಜಗಳ ಆಡುವುದಿಲ್ಲ. ‘ಅತ್ತೆ, ಆ ಮಾತಿಗೇ ನಾನು ಮುಖ ಸುಟ್ಟುಕೊಂಡಿದ್ದು, ಇನ್ನು ಹೇಳಬೇಡಿ’ ಅಂತ ಮೆಲ್ಲಗೆ ಹೇಳುತ್ತೇನೆ. ಮಕ್ಕಳ ಮುಂದೆ ಅಂದರೆ ಮಾತ್ರ ಅಲ್ಲೇ ತಡೆಯಿರಿ, ಅವು ಮರೆಯುವುದಿಲ್ಲ. ಕನ್ನಡಿ ನೋಡುವುದಕ್ಕೇ ಬೇಸರ, ನಾಲ್ಕು ಜನರ ಮುಂದೆ ಹೋಗಲು ಹಿಂಜರಿಕೆ, ನಿದ್ದೆ ಬಾರದಿರುವುದು, ಇದೆಲ್ಲ ವಾರಗಟ್ಟಲೆ ನಡೆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಮದುವೆಗೆ ಬಯೋಡೇಟಾ ಬರೆಯುತ್ತಿದ್ದರೆ ‘ಬಣ್ಣ: ಗೋಧಿ’ ಅನ್ನುವ ಸಾಲನ್ನು ತೆಗೆಸಿ. ನನ್ನದರಲ್ಲಿ ಅದನ್ನು ಅಪ್ಪನೇ ಪೆನ್ನು ತಗೊಂಡು ಹೊಡೆದು ಹಾಕಿದರು.