ಕಡಲಿಗೂ ಒಂದು ಬುತ್ತಿ: ಕಾರವಾರದ ದ್ವೀಪಗಳಿಗೆ ಬೋಟ್ ಮಾಡಿಕೊಂಡು ಹೋಗುವುದು ಹೇಗೆ?

ಸಂಕ್ರಮಣದ ದಿನ ನಮ್ಮ ಬಾಗಲಕೋಟೆ ಕಡೆ ಮನೆಮಂದಿಯೆಲ್ಲ ಹೊಳೆಗೆ ಹೋಗುತ್ತಾರೆ. ಮೈಗೆ ಎಳ್ಳು ಹಚ್ಚಿಕೊಂಡು ಜಳಕ, ಆಮೇಲೆ ದಂಡೆಯ ಮೇಲೆ ಬುತ್ತಿ. ಕೂಡಲಸಂಗಮದಲ್ಲಿ ಅವತ್ತು ಕಾಲಿಡಲು ಜಾಗ ಇರುವುದಿಲ್ಲ. ನೀರು, ಈಜು, ಊಟ ಮೂರೂ ನಮಗೆ ಹೊಸದಲ್ಲ. ಆದರೂ ಕಾರವಾರದಲ್ಲಿ ಇಡೀ ಬೋಟ್ ಹಿಡಿದು ದ್ವೀಪ ಸುತ್ತಲು ಹೋದ ಮೊದಲ ಸಲ ನಮ್ಮ ಮನೆಯವರು ಮಾಡಿದ ತಪ್ಪು ಒಂದೆರಡಲ್ಲ. ಬೆಳಿಗ್ಗೆ ಇಡ್ಲಿ, ವಡೆ ಅಂತ ಕೂತು ಹನ್ನೊಂದಕ್ಕೆ ಹೊರಟೆವು. ನಾವು ಹನ್ನೊಂದು ಜನ, ಬೋಟಿನಲ್ಲಿ ಲೈಫ್ ಜಾಕೆಟ್ ಎಂಟು. ಅದರಲ್ಲೂ ಒಂದರ ಬಕಲ್ ಮುರಿದಿತ್ತು. 'ಹೊಂದಿಸಿಕೊಳ್ಳಿ' ಅಂದರು, ಹೊಂದಿಸಿಕೊಂಡೆವು. ಮಧ್ಯಾಹ್ನ ಗಾಳಿ ಎದ್ದಿತು, ಮಕ್ಕಳು ಸಾಲಾಗಿ ವಾಂತಿ ಮಾಡಿದವು, ಅವ್ವ ಮೂರು ದಿನದಿಂದ ಬಡಿದಿಟ್ಟಿದ್ದ ರೊಟ್ಟಿಯ ಗಂಟು ಉಪ್ಪುನೀರು ಕುಡಿದು ಮೆತ್ತಗಾಯಿತು. ಮರುವರ್ಷ ಮತ್ತೆ ಹೋದೆವು, ಈ ಸಲ ಸರಿಯಾಗಿ. ಕೆಳಗಿರುವುದು ಆ ಎರಡೂ ಸಲದ ಲೆಕ್ಕ.

ಇಲ್ಲೇ ಹಿನ್ನೀರು ಇದೆಯಲ್ಲ?

ಬಾಗಲಕೋಟೆಯವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೃಷ್ಣೆಯ ಆಲಮಟ್ಟಿ ಆಣೆಕಟ್ಟು ತುಂಬಿದರೆ ಎಲ್ಲಿ ನೋಡಿದರೂ ನೀರು, ನಡುವೆ ಗಡ್ಡೆಗಳು. ನೋಡಲು ಚೆಂದ. ಚಳಿಗಾಲದಲ್ಲಿ ಬೀಳಗಿ, ಹೆರಕಲ್ ಕಡೆ ಫ್ಲೆಮಿಂಗೊ ಬರುತ್ತವೆ, ದಂಡೆಯಲ್ಲಿ ನಿಂತು ನೋಡಿ ಬನ್ನಿ. ಆದರೆ ಅಲ್ಲಿ ಈಜಬೇಡಿ. ಕೃಷ್ಣೆಯಲ್ಲಿ ಮೊಸಳೆ ಇವೆ, ಇದು ಸುಮ್ನೆ ಹೆದರಿಸುವ ಮಾತಲ್ಲ. ಇನ್ನೊಂದು, ಆ ನೀರಿನ ಕೆಳಗೆ ಇರುವುದು ಮುಳುಗಡೆಯಾದ ಊರು. ಹಳೆ ಗೋಡೆ, ಬಾವಿ, ಜಾಲಿ ಗಿಡ ಎಲ್ಲಿವೆ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ.

ಕಾರವಾರಕ್ಕೆ ದಾರಿ ಕಷ್ಟವಿಲ್ಲ. ವಿಜಯಪುರದ ಮೇಲೆ ಹಾಯ್ದು ಬರುವ 52ನೇ ರಾಷ್ಟ್ರೀಯ ಹೆದ್ದಾರಿ ಕೊಲ್ಹಾರ, ಗದ್ದನಕೇರಿ ಕ್ರಾಸ್, ನರಗುಂದ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾದಲ್ಲಿ ಕಡಲಿಗೆ ಮುಟ್ಟುತ್ತದೆ. ಪಂಜಾಬಿನ ಸಂಗ್ರೂರಿನಿಂದ ಹೊರಟ ರಸ್ತೆ ಅದು, ನಮ್ಮನ್ನು ಅರ್ಧದಲ್ಲಿ ಹತ್ತಿಸಿಕೊಳ್ಳುತ್ತದೆ. ಬೆಳಗಾವಿಯವರಿಗೆ ಇನ್ನೂ ಹತ್ತಿರ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ನಾನು ಸಾಲಿಗೆ ಹೋಗುವಾಗಿನಿಂದ ಕೇಳುತ್ತಿದ್ದೇನೆ, ಅದನ್ನು ನಂಬಿಕೊಂಡು ಕೂರಬೇಡಿ. ಹಿಂದಿನ ದಿನವೇ ಹೋಗಿ ರಾತ್ರಿ ಅಲ್ಲೇ ಉಳಿಯಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಕ್ಯಾಲೆಂಡರ್ ನೋಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಬೇಡ, ಮಳೆಗಾಲದ ಅರಬ್ಬಿ ಸಮುದ್ರ ಯಾರ ಮಾತೂ ಕೇಳುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೀರು ಶಾಂತ, ಬಿಸಿಲೂ ತಡೆಯುವಷ್ಟು. ಏಪ್ರಿಲ್‌ನಲ್ಲಿ ಹೋದರೆ ಬಿಸಿಲು ಸುಲಿದು ಬಿಡುತ್ತದೆ.

ತಿಂಗಳು ಆದ ಮೇಲೆ ತಿಥಿ. ನಗಬೇಡಿ, ಪಂಚಾಂಗ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಈ ಏರಿಳಿತ ಜೋರು, ನೀರಿನ ಸೆಳೆತವೂ ಜೋರು. ಅಷ್ಟಮಿ, ನವಮಿ ಹೊತ್ತಿಗೆ ಎರಡೂ ತಗ್ಗುತ್ತವೆ. ಈಜುವ ಆಸೆ ಇದ್ದರೆ ಅಷ್ಟಮಿಯ ಆಚೀಚೆ ದಿನ ಆರಿಸಿ. ಉಬ್ಬರದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನೀವು ಹೋಗುವ ದಿನ ಎಷ್ಟು ಹೊತ್ತಿಗೆ ಅಂತ ಬೋಟಿನವರನ್ನೇ ಕೇಳಿ. ಕಾಳಿ ನದಿ ಕಡಲು ಸೇರುವ ಬಾಯಿಯಲ್ಲಿ ಮರಳಿನ ದಿಬ್ಬಗಳಿವೆ. ಇಳಿತದಲ್ಲಿ ಬೋಟ್ ತಳ ತಾಗಿ ನಿಂತರೆ ನೀರು ಏರುವವರೆಗೆ ಕಾಯುವುದೇ ಕೆಲಸ.

ಹೊರಡುವ ಎರಡು ದಿನ ಮುಂಚೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಯ ಮುನ್ಸೂಚನೆ ನೋಡಿ. ಮೀನುಗಾರರೂ ಅದನ್ನೇ ನೋಡುತ್ತಾರೆ. 'ಎತ್ತರದ ಅಲೆ' ಎಂಬ ಎಚ್ಚರಿಕೆ ಇದ್ದರೆ ಮುಂಗಡ ಹೋದರೆ ಹೋಗಲಿ, ಬಿಡಿ.

ಎಲ್ಲೆಲ್ಲಿ ಹೋಗಬಹುದು

ಬೋಟ್ ಸಿಗುವುದು ಕೋಡಿಬಾಗ ಕಡೆ, ಕಾಳಿ ನದಿಯ ದಂಡೆಯಲ್ಲಿ. ಅಲ್ಲಿಂದ ಹೊರಟರೆ ಒಂದು ಕಡೆ ದೇವಬಾಗದ ಮರಳ ದಂಡೆ, ಎದುರಿಗೆ ಕಡಲೊಳಗೆ ಕೂರ್ಮಗಡ. ಆಮೆ ಕವುಚಿ ಮಲಗಿದ ಹಾಗೆ ಕಾಣುವುದರಿಂದ ಆ ಹೆಸರು. ಮೇಲೆ ನರಸಿಂಹನ ಗುಡಿ ಇದೆ. ಇನ್ನೂ ಆಚೆ ದೇವಗಡ. ಅಲ್ಲಿ 1864ರ ದೀಪಸ್ತಂಭ ಇದೆ, ಒಳಗೆ ಹೋಗಬೇಕಾದರೆ ಮೊದಲೇ ಅನುಮತಿ ಕೇಳಬೇಕು. ಆ ದ್ವೀಪಕ್ಕೆ ಬ್ರಿಟಿಷರು ಇಟ್ಟ ಹೆಸರು ಆಯಿಸ್ಟರ್ ರಾಕ್, ಅಂದರೆ ಸಿಂಪಿಯ ಬಂಡೆ. ಯಾಕೆ ಅಂತ ಬರಿಗಾಲಲ್ಲಿ ಇಳಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ನನ್ನ ತಂಗಿಯ ಅಂಗಾಲಿನಲ್ಲಿ ಇನ್ನೂ ಗೆರೆ ಇದೆ. ಹಳೆ ಕ್ಯಾನ್ವಾಸ್ ಬೂಟು ಇದ್ದರೆ ಒಯ್ಯಿರಿ.

ಅಂಜದೀವ ದ್ವೀಪ ಕಣ್ಣಿಗೆ ಕಾಣುತ್ತದೆ, ಹೋಗುವಂತಿಲ್ಲ. ಅದು ನೌಕಾಪಡೆಯದು. ದಕ್ಷಿಣಕ್ಕೆ ನೌಕಾನೆಲೆ ಇದೆ. 'ಹತ್ತಿರ ಹೋಗಿ ಫೋಟೊ ತೆಗೆಯೋಣ' ಅಂತ ತಾಂಡೇಲರನ್ನು ಕಾಡಬೇಡಿ. ಬೋಟ್ ನಡೆಸುವವರನ್ನು ಆ ಕಡೆ ತಾಂಡೇಲ ಅನ್ನುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಒಂದು ದಿನಕ್ಕೆ ಎರಡೇ ಜಾಗ ಸಾಕು: ಕೂರ್ಮಗಡ ಮತ್ತು ದೇವಬಾಗ. ದೇವಗಡಕ್ಕೆ ಕಡಲು ಕನ್ನಡಿಯ ಹಾಗೆ ಇದ್ದರೆ ಮಾತ್ರ. ಐದು ಜಾಗ ತೋರಿಸುತ್ತೇವೆ ಅನ್ನುವವರು ಐದನ್ನೂ ದೂರದಿಂದ ತೋರಿಸುತ್ತಾರೆ.

ಬೋಟ್ ಮಾತಾಡುವುದು

ತಲೆಗೆ ಇಷ್ಟು ಅಂತ ಮಾತಾಡಬೇಡಿ, ಇಡೀ ಬೋಟಿಗೆ ಇಷ್ಟು ಅಂತ ಮಾತಾಡಿ. ತಲೆ ಲೆಕ್ಕವಾದರೆ ದಂಡೆಯಲ್ಲಿ ನಿಂತ ಇನ್ನೂ ನಾಲ್ಕು ಜನರನ್ನು ಹತ್ತಿಸುವ ಆಸೆ ಅವರಿಗೆ ಬರುತ್ತದೆ. ಎಷ್ಟು ತಾಸು, ಯಾವ ಯಾವ ಜಾಗ, ಈಜುವಾಗ ನಿಲ್ಲಿಸಿದ ಹೊತ್ತಿಗೆ ಬೇರೆ ದುಡ್ಡು ಇದೆಯೋ, ಎಣ್ಣೆ ಖರ್ಚು ಸೇರಿದೆಯೋ, ಎಲ್ಲ ಮೊದಲೇ ಕೇಳಿ. ಅರ್ಧ ದುಡ್ಡು ಮರಳಿ ದಂಡೆಗೆ ಬಂದ ಮೇಲೆ ಕೊಡಿ.

ಆಮೇಲೆ ಬೋಟನ್ನು ಹಿಂದಿನ ದಿನ ಸಂಜೆಯೇ ಹೋಗಿ ಕಣ್ಣಾರೆ ನೋಡಿ. ಮೀನು ಹಿಡಿಯುವ ಪರವಾನಗಿ ಬೇರೆ, ಜನರನ್ನು ಹೊರುವ ಪರವಾನಗಿ ಬೇರೆ. ಎಷ್ಟು ಜನಕ್ಕೆ ಅನುಮತಿ ಇದೆ ಅಂತ ಕೇಳಿ, ಆ ಲೆಕ್ಕಕ್ಕೆ ಮಕ್ಕಳನ್ನೂ ಸೇರಿಸಿ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟ್ ಮಗುಚಿ 15ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಮ್ಮಂಥ ಒಳನಾಡಿನವರೂ ಇದ್ದರು. ಜಾತ್ರೆಯ ದಿನ ಪುಣ್ಯ ಜಾಸ್ತಿ ಇರಬಹುದು, ಬೋಟಿನಲ್ಲಿ ಜನವೂ ಜಾಸ್ತಿ. ಬೇರೆ ದಿನ ಹೋಗಿ.

ಜಾಕೆಟ್ ಎಣಿಸಿದರೆ ಸಾಲದು, ಹಾಕಿ ನೋಡಬೇಕು. ಬಕಲ್ ಬಿಗಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು, ನೀರಲ್ಲಿ ಮನುಷ್ಯ ಕೆಳಗೆ ಜಾರುತ್ತಾನೆ. ಎಷ್ಟು ಕಿಲೊ ತೂಕದವರಿಗೆ ಅಂತ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಮಕ್ಕಳದಕ್ಕೆ ತೊಡೆಯ ನಡುವೆ ಹಾಯುವ ಪಟ್ಟಿ ಇರಲೇಬೇಕು. ಕೂಸಿಗೆ ತಕ್ಕ ಜಾಕೆಟ್ ಸಿಗದಿದ್ದರೆ ಕೂಸನ್ನು ಅಜ್ಜಿಯ ಹತ್ತಿರ ದಂಡೆಯಲ್ಲಿ ಬಿಡಿ. ನಾವು ಎರಡನೇ ಸಲ ಹಾಗೇ ಮಾಡಿದೆವು. ಅಜ್ಜಿಗೂ ಬೋಟ್ ಬೇಡವಾಗಿತ್ತು ಅನ್ನಿ.

ಎರಡು ನಂಬರ್ ಫೋನಿನಲ್ಲಿ ಇರಲಿ: ಕರಾವಳಿ ರಕ್ಷಣಾ ಪಡೆ 1554, ಕರಾವಳಿ ಕಾವಲು ಪೊಲೀಸ್ 1093.

ಬೆಳಿಗ್ಗೆ ಏಳಕ್ಕೆ

ಬೆಳಿಗ್ಗೆ ಕಡಲ ಮೇಲೆ ಗಾಳಿ ಕಡಿಮೆ. ನೆಲ ಕಾದಂತೆ ಕಡಲಿನಿಂದ ಗಾಳಿ ಬೀಸಲು ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಅಲೆ ಎಬ್ಬಿಸುತ್ತದೆ. ಅದಕ್ಕೇ ಏಳಕ್ಕೆ ಹೊರಡಿ, ಎರಡರೊಳಗೆ ಮರಳಿ ಬನ್ನಿ. ರಾತ್ರಿಯೇ ಕಾರವಾರದಲ್ಲಿ ಇರಬೇಕು ಅಂದದ್ದು ಇದಕ್ಕೆ.

ಹೊಟ್ಟೆ ತುಂಬ ತಿಂದು ಹತ್ತಬೇಡಿ, ಖಾಲಿ ಹೊಟ್ಟೆಯಲ್ಲೂ ಬೇಡ. ಎರಡು ಬಾಳೆಹಣ್ಣು, ನಾಲ್ಕು ಬಿಸ್ಕಿಟ್ ಸಾಕು. ಬಸ್ಸಿನಲ್ಲಿ ವಾಂತಿ ಆಗುವವರಿಗೆ ಬೋಟಿನಲ್ಲೂ ಆಗುತ್ತದೆ. ಅವರು ವೈದ್ಯರನ್ನು ಕೇಳಿ ಗುಳಿಗೆಯನ್ನು ಹತ್ತುವ ಮುಂಚೆಯೇ ನುಂಗಬೇಕು. ತಲೆ ಸುತ್ತಿದ ಮೇಲೆ ನುಂಗಿದರೆ ಗುಳಿಗೆಯೂ ಹೊರಗೆ. ಮೂತಿಯ ಕಡೆ ಕೂರಬೇಡಿ, ಅಲ್ಲಿ ಎತ್ತಿ ಹಾಕುವುದು ಜಾಸ್ತಿ. ನಡುವೆ ಕೂತು ದೂರದ ಗುಡ್ಡ ನೋಡುತ್ತಿರಿ, ಮೊಬೈಲ್ ನೋಡಬೇಡಿ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಬೋಟಿನಲ್ಲಿ ಶೌಚಾಲಯ ಇಲ್ಲ. ಹೆಣ್ಣುಮಕ್ಕಳು ಅದಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾರೆ, ಬಿಸಿಲಿಗೆ ತಲೆನೋವು ಹಿಡಿಯುತ್ತದೆ. ಎಲ್ಲಿ ಇಳಿದರೆ ವ್ಯವಸ್ಥೆ ಇದೆ ಅಂತ ಬೋಟ್ ಮಾತಾಡುವಾಗಲೇ ನಾಚದೆ ಕೇಳಿ. ಸೀರೆ, ವೇಲ್ ಎರಡೂ ಬೇಡ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಂದವರೂ ಮುಳುಗುತ್ತಾರೆ. ಲೆಗ್ಗಿಂಗ್ಸ್ ಮತ್ತು ಮೈಗೆ ಹತ್ತುವ ಟೀಶರ್ಟ್ ಒಳ್ಳೆಯದು.

ಬಾವಿ ಈಜು, ಕಡಲ ಈಜು

ನಮ್ಮ ಅಣ್ಣ ಹೊಲದ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವನು. ಕೂರ್ಮಗಡದ ಮಗ್ಗುಲಲ್ಲಿ ಲಂಗರು ಹಾಕಿದ ಕೂಡಲೇ ಜಾಕೆಟ್ ಬಿಚ್ಚತೊಡಗಿದ. 'ನನಗ ಈಜ ಬರ್ತದ, ಬಿಡ್ರಿ' ಅಂದ. ತಾಂಡೇಲರು ವಯಸ್ಸಾದವರು, ನಕ್ಕರು. 'ಬಾವಿಗೆ ನಾಲ್ಕು ಗೋಡೆ ಉಂಟಲ್ಲ, ಇಲ್ಲಿ ನೀವು ಯಾವ ಗೋಡೆ ಹಿಡೀತೀರಿ?' ಅಂದರು. ಆಮೇಲೆ ನಮ್ಮ ಬುತ್ತಿಯಿಂದಲೇ ಒಂದು ರೊಟ್ಟಿ ಚೂರು ಮುರಿದು ನೀರಿಗೆ ಎಸೆದರು. ಅದು ನಿಂತಲ್ಲಿ ನಿಲ್ಲಲಿಲ್ಲ. ನಾವು ನೋಡುತ್ತಿದ್ದಂತೆಯೇ ಬೋಟಿನ ಬಾಲ ದಾಟಿ, ತೆರೆದ ಕಡಲಿನ ಕಡೆ ಸರಿದು ಹೋಯಿತು. ಅಣ್ಣ ಸುಮ್ಮನೆ ಬಕಲ್ ಮತ್ತೆ ಹಾಕಿಕೊಂಡ.

ಈ ರೊಟ್ಟಿ ಪರೀಕ್ಷೆ ನೀವೂ ಮಾಡಿ. ಚೂರು ಬೇಗ ಓಡಿದರೆ ಅಲ್ಲಿ ಇಳಿಯಬೇಡಿ, ದ್ವೀಪದ ಮರೆಯ ಬದಿಗೆ ಬೋಟ್ ಒಯ್ಯಲು ಹೇಳಿ. ನಿಧಾನಕ್ಕೆ ಸರಿದರೆ, ಅದು ಹೋದ ದಿಕ್ಕಿಗೆ ಎದುರಾಗಿ ಮೊದಲು ಈಜಿ. ದಣಿದಾಗ ನೀರೇ ನಿಮ್ಮನ್ನು ಬೋಟಿಗೆ ತಂದುಬಿಡುತ್ತದೆ. ಉಲ್ಟಾ ಮಾಡಿದರೆ ದಣಿದ ಮೇಲೆ ಎದುರು ಈಜಬೇಕಾಗುತ್ತದೆ. ಬೋಟಿನ ಹಿಂದೆ ಉದ್ದ ಹಗ್ಗ ಬಿಟ್ಟು ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕಟ್ಟಿಸಿ. ಅದು ನಿಮ್ಮ ಗಡಿ, ಅದರಾಚೆ ಯಾರೂ ಹೋಗಬಾರದು. ಇಂಜಿನ್ ಪೂರ್ತಿ ಬಂದ್ ಆಗುವವರೆಗೆ ಒಬ್ಬರೂ ನೀರಿಗೆ ಇಳಿಯಬಾರದು, ಕೆಳಗೆ ಪಂಕ ತಿರುಗುತ್ತಿರುತ್ತದೆ. ಬೋಟಿನ ಮೇಲೆ ಒಬ್ಬರು ಕೂತು ತಲೆ ಎಣಿಸುತ್ತಲೇ ಇರಬೇಕು. ನಮ್ಮಲ್ಲಿ ಆ ಕೆಲಸ ಅತ್ತಿಗೆಯದು, ಮಾಸ್ತರಿಕೆ ಮಾಡಿದವರು, ಎಣಿಕೆ ತಪ್ಪುವುದಿಲ್ಲ.

ಉಪ್ಪುನೀರು ಬಾವಿಯ ನೀರಿಗಿಂತ ಜಾಸ್ತಿ ತೇಲಿಸುತ್ತದೆ. ಅದೇ ಮೋಸ. 'ಎಷ್ಟು ಹಗುರ' ಅಂತ ದೂರ ಹೋಗುತ್ತೀರಿ, ಅಷ್ಟರಲ್ಲಿ ಅಲೆ ಬಾಯಿಗೆ ಹೊಡೆಯುತ್ತದೆ, ಉಸಿರು ತಪ್ಪುತ್ತದೆ. ಹಾಗಾದಾಗ ಕೈಕಾಲು ಬಡಿಯದೆ ಅಂಗಾತ ಮಲಗಿ, ಜಾಕೆಟ್ ಎತ್ತಿ ಹಿಡಿಯುತ್ತದೆ.

ಕೊನೆಗೆ ಹತ್ತುವುದು. ಇದನ್ನು ಯಾರೂ ಯೋಚಿಸುವುದಿಲ್ಲ. ಬಾವಿಗೆ ಪಾವಟಿಗೆ ಇರುತ್ತವೆ, ಬೋಟಿಗೆ ನುಣ್ಣನೆಯ ಗೋಡೆ. ಮೊದಲ ಸಲ ಅಣ್ಣನನ್ನು ಮೂರು ಜನ ತೋಳು ಹಿಡಿದು ಎಳೆದೆವು, ಮೀನಿನ ಬಲೆ ಎಳೆದ ಹಾಗೆ. ಹೊಟ್ಟೆಯ ಚರ್ಮ ಕಿತ್ತುಹೋಯಿತು. ಏಣಿ ಇರುವ ಬೋಟ್ ಹುಡುಕಿ, ಇಲ್ಲವಾದರೆ ಹಗ್ಗಕ್ಕೆ ಹಳೆ ಟಯರ್ ಕಟ್ಟಿಸಿ.

ಲೋಳೆಮೀನು ಕಂಡರೆ ಅವತ್ತಿನ ಈಜು ಅಲ್ಲಿಗೆ ಮುಗಿಯಿತು. ಕುಡಿದವರನ್ನು ನೀರಿಗೆ ಬಿಡುವುದಂತೂ ಬೇಡವೇ ಬೇಡ, ಬೋಟಿಗೇ ಹತ್ತಿಸಬೇಡಿ.

ಬುತ್ತಿ

ಊಟ ಈಜಿನ ಆಮೇಲೆ, ದೇವಬಾಗದ ಮರಳಿನ ಮೇಲೆ, ಗಾಳಿಮರದ ನೆರಳಲ್ಲಿ. ಬೋಟಿನವರು ಮೀನೂಟದ ವ್ಯವಸ್ಥೆ ಮಾಡಿಕೊಡುತ್ತಾರೆ. ಮೀನು ತಿನ್ನುವವರು ಹಿಂದಿನ ದಿನವೇ ಹೇಳಿಡಿ. ಆದರೆ ಬೋಟಿನ ಊಟಕ್ಕೆ ನಮ್ಮ ಕಟಕ ರೊಟ್ಟಿಯನ್ನು ಮೀರಿಸಿದ್ದು ಇಲ್ಲ ಅಂತ ನನ್ನ ವಾದ. ಹಳಸುವುದಿಲ್ಲ, ಚೆಲ್ಲುವುದಿಲ್ಲ, ಭಾರವಿಲ್ಲ. ಒಂದೇ ಶತ್ರು ನೀರು. ಬಟ್ಟೆಯ ಗಂಟಿನಲ್ಲಿ ಒಯ್ದು ನಾವು ಕಲಿತ ಪಾಠ ಅದು. ಎರಡನೇ ಸಲ ಸ್ಟೀಲಿನ ಅಗಲ ಡಬ್ಬಿಯಲ್ಲಿಟ್ಟು, ಅದನ್ನು ರಸಗೊಬ್ಬರ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ಕಿನಂಥ ಹೊಸ ಹಾಳೆಯಲ್ಲಿ ಸುತ್ತಿದೆವು. ಮುರಿದಾಗ 'ಕಟ್' ಅಂತ ಸದ್ದು ಬಂತು.

ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ), ಜುಣುಕದ ವಡೆ, ಉಳ್ಳಾಗಡ್ಡಿ. ಎಣ್ಣೆಗಾಯಿ ಬೇಕೇ ಬೇಕು ಅಂದರೆ ಕೊಬ್ಬರಿ ಹಾಕದೆ, ನೀರು ಬತ್ತಿಸಿ ಮಾಡಿ, ಅಂದಂದೇ ಮುಗಿಸಿ. ವಿಜಯಪುರದ ಕಡೆಯಿಂದ ಬರುವವರಿಗೆ ಕೊಲ್ಹಾರದಲ್ಲಿ ಗಡಿಗೆ ಮೊಸರು ಕಾಣುತ್ತದೆ, ಆಸೆಯಾಗುತ್ತದೆ. ಅದನ್ನು ದಾರಿಯಲ್ಲೇ ಉಂಡುಬಿಡಿ, ಮರುದಿನದ ಕಡಲ ಬಿಸಿಲಿಗೆ ಅದು ತಾಳುವುದಿಲ್ಲ. ಸಿಹಿಗೆ ಅಮೀನಗಡದ ಕರದಂಟು ಸಾಕು, ಕರಗುವುದಿಲ್ಲ. ಈಜಿದ ಮೇಲೆ ಒಂದೊಂದು ತುಂಡು ಎಲ್ಲರಿಗೂ ಜೀವ ತರುತ್ತದೆ. ನೀರು ತಲೆಗೆ ಎರಡು ಲೀಟರ್, ಅದರಲ್ಲಿ ಕೈ ತೊಳೆಯುವ ಲೆಕ್ಕ ಸೇರಿಲ್ಲ. ಎಲೆ, ಪ್ಲಾಸ್ಟಿಕ್, ಬಾಟಲಿ ಎಲ್ಲ ಒಂದು ಚೀಲದಲ್ಲಿ ಮರಳಿ ಬರಲಿ.

ತಾಂಡೇಲರಿಗೂ ಒಂದು ಪಾಲು ಕಟ್ಟಿ. ನಮ್ಮವರು ಮೊದಲು ಬೇಡ ಅಂದರು, ಆಮೇಲೆ ಗುರೆಳ್ಳು ಹಿಂಡಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು.

ಮರಳುವಾಗ

ದಂಡೆಗೆ ಬಂದ ಕೂಡಲೇ ಸಿಹಿನೀರಿನ ಜಳಕ ಮಾಡಿ. ಉಪ್ಪು ಒಣಗಿದ ಮೈಯಲ್ಲಿ ಆರು ತಾಸು ಕಾರಿನಲ್ಲಿ ಕೂತರೆ ತೊಡೆ ಸುಲಿಯುತ್ತದೆ. ಡ್ರೈವರ್ ಈಜಿದ್ದರೆ ಅದೇ ದಿನ ಹೊರಡಬೇಡಿ. ಬಿಸಿಲು, ನೀರು, ರೊಟ್ಟಿ ಮೂರೂ ಸೇರಿ ಎಂಥವರಿಗೂ ನಿದ್ದೆ ತರುತ್ತವೆ, ಅರಬೈಲ್ ಘಟ್ಟದ ತಿರುವುಗಳು ಆ ಹೊತ್ತಿಗೆ ಒಳ್ಳೆಯವಲ್ಲ. ನಮ್ಮ ಗಾಡಿಯ ಡ್ರೈವರನ್ನು ನಾವು ದಂಡೆಯಲ್ಲೇ ಮಲಗಿಸಿ ಹೋಗಿದ್ದೆವು. ಯಲ್ಲಾಪುರ ದಾಟುವಷ್ಟರಲ್ಲಿ ಎಚ್ಚರ ಇದ್ದದ್ದು ಅವನೊಬ್ಬನೇ.