ಕಸ ಕಡಿಮೆ ಮಾಡಬೇಕೇ? ಮೊದಲು ಬುಟ್ಟಿ ನೋಡಿ

ಕಸ ಕಡಿಮೆ ಮಾಡಬೇಕು ಎಂದುಕೊಂಡ ಕೂಡಲೇ ಹೊಸ ಬಟ್ಟೆಚೀಲ, ಹೊಸ ಸ್ಟೀಲ್ ಬಾಟಲಿ ಕೊಳ್ಳುವವರೇ ಜಾಸ್ತಿ. ದಯವಿಟ್ಟು ಬೇಡ. ಮನೆಯಲ್ಲಿರುವ ಹಳೆಯ ಚೀಲ, ಹಳೆಯ ಡಬ್ಬ ಸಾಕು.

ಹಂತ 1: ಲೆಕ್ಕ ಇಡಿ
ಕಸದ ಬುಟ್ಟಿಯ ಪಕ್ಕ ಒಂದು ಹಾಳೆ ಅಂಟಿಸಿ. ಉಳಿದ ಅಡುಗೆ, ಸಿಪ್ಪೆ, ಪ್ಲಾಸ್ಟಿಕ್ ಕವರ್, ಕಾಗದ, ಬಾಟಲಿ ಎಂದು ಸಾಲಾಗಿ ಬರೆಯಿರಿ. ಏನಾದರೂ ಎಸೆದಾಗ ಅದರ ಮುಂದೆ ಒಂದು ಗೀಟು ಎಳೆಯಿರಿ. ಒಂದು ವಾರ ಯಾವ ಅಭ್ಯಾಸವನ್ನೂ ಬದಲಿಸಬೇಡಿ, ಸುಮ್ನೆ ಗಮನಿಸಿ. ಗೀಟು ಎಲ್ಲಿ ಹೆಚ್ಚಿದೆಯೋ ಕೆಲಸ ಅಲ್ಲಿಂದ ಶುರು.

ಹಂತ 2: ಅಡುಗೆಮನೆ
ಬಹಳಷ್ಟು ಮನೆಗಳಲ್ಲಿ ತೂಕದ ಕಸ ಇಲ್ಲಿಯದೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಹಾಳಾಯಿತು. ಅದರಲ್ಲಿ ಶೇ 60ರಷ್ಟು ಮನೆಗಳದ್ದು. ಓದಿದರೆ ಸಂಕಟವಾಗುತ್ತದೆ, ಅಲ್ವಾ? ಕಸದ ಗುಡ್ಡೆಯಲ್ಲಿ ಗಾಳಿ ಸಿಗದೆ ಕೊಳೆಯುವ ಆಹಾರದಿಂದ ಮೀಥೇನ್ ಎಂಬ ಅನಿಲ ಹೊರಬರುತ್ತದೆ. ನೂರು ವರ್ಷಗಳ ಲೆಕ್ಕ ಹಿಡಿದರೆ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

ಹಾಗಾಗಿ ಫ್ರಿಜ್ ತೆರೆದು ನೋಡಿಯೇ ಸಾಮಾನಿನ ಪಟ್ಟಿ ಬರೆಯಿರಿ. ಹಳೆಯದು ಮುಂದೆ, ಹೊಸದು ಹಿಂದೆ ಇರಲಿ. ಬೇಗ ಕೆಡುವಂಥದ್ದಕ್ಕೆ ಕಣ್ಣಿಗೆ ಬೀಳುವ ಒಂದು ಜಾಗ ಮೀಸಲಿಡಿ. ಪೊಟ್ಟಣದ ಮೇಲಿನ ‘ಬೆಸ್ಟ್ ಬಿಫೋರ್’ ದಿನಾಂಕ ರುಚಿ, ಗುಣಮಟ್ಟಕ್ಕೆ ಸಂಬಂಧಿಸಿದ್ದು. ಅದು ದಾಟಿತೆಂದು ನೋಡದೆಯೇ ಎಸೆಯಬೇಡಿ. ‘ಯೂಸ್ ಬೈ’ ಎಂದಿದ್ದರೆ ಮಾತ್ರ ಮೀರಬಾರದು, ಅದು ಆರೋಗ್ಯದ ವಿಷಯ.

ಹಂತ 3: ಸಿಪ್ಪೆಯಿಂದ ಗೊಬ್ಬರ
ಹಳೆಯ ಬಕೆಟ್‌ಗೆ ತಳದಲ್ಲೂ ಸುತ್ತಲೂ ತೂತು ಮಾಡಿ. ಕೆಳಗೆ ತರಗೆಲೆ ಹಾಸಿ. ಒಂದು ಹಿಡಿ ಹಸಿ ಕಸ ಹಾಕಿದರೆ ಎರಡು ಹಿಡಿ ಒಣ ಎಲೆ ಅಥವಾ ಹರಿದ ರಟ್ಟು ಮುಚ್ಚಿ. ವಾರಕ್ಕೊಮ್ಮೆ ಕೆದಕಿ. ವಾಸನೆ ಬಂದರೆ ನೀರಿನಂಶ ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಸೇರಿಸಿ. ಏನೂ ಕೊಳೆಯುತ್ತಿಲ್ಲವೇ? ನೀರು ಚಿಮುಕಿಸಿ. ಮಾಂಸ, ಹಾಲಿನ ಪದಾರ್ಥ, ಎಣ್ಣೆ ಹಾಕಬೇಡಿ. ಕೆಲವು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ.

ಹಂತ 4: ಒಣ ಕಸ
ಮರುಬಳಕೆಗೆ ಹೋಗುತ್ತದಲ್ಲ ಎಂದು ನಿಶ್ಚಿಂತರಾಗಬೇಡಿ. ಜಗತ್ತಿನ ಪ್ಲಾಸ್ಟಿಕ್ ಕಸದಲ್ಲಿ ಮರುಬಳಕೆಯಾಗುವುದು ಶೇ 9ರಷ್ಟೇ. ಬೇಡದ್ದನ್ನು ತರದಿರುವುದೇ ದೊಡ್ಡ ಕೆಲಸ. ತಂದದ್ದನ್ನು ತೊಳೆದು ಒಣಗಿಸಿ ಕೊಡಿ. ಬ್ಯಾಟರಿ ಬೇರೆ ಇಡಿ, ಜಜ್ಜಿಹೋದರೆ ಬೆಂಕಿ ಹತ್ತಬಹುದು.

ಹಂತ 5: ಇತರರಿಗೂ ಹೇಳಿ
ಬೈದರೆ ಯಾರೂ ಬದಲಾಗುವುದಿಲ್ಲ. ದಾರಿ ಸುಲಭ ಮಾಡಿಕೊಡಿ. ಕಚೇರಿಯಲ್ಲೋ ಶಾಲೆಯಲ್ಲೋ ಹಸಿ, ಒಣ ಕಸದ ಎರಡು ಬುಟ್ಟಿಗಳನ್ನು ಅಕ್ಕಪಕ್ಕ ಇಡಿಸಿ. ಯಾವುದಕ್ಕೆ ಏನು ಎಂಬ ಚಿತ್ರವನ್ನು ಕಣ್ಣಿನ ಮಟ್ಟದಲ್ಲಿ ಅಂಟಿಸಿ. ವಾರಕ್ಕೊಮ್ಮೆ ತೂಗಿ, ತೂಕವನ್ನು ಅಲ್ಲೇ ಬರೆಯಿರಿ. ಮಾರ್ಚ್ 30ರ ಶೂನ್ಯ ತ್ಯಾಜ್ಯ ದಿನ, ಜೂನ್ 5ರ ಪರಿಸರ ದಿನಕ್ಕೆ ಭಾಷಣದ ಬದಲು ಆ ಅಂಕಿಗಳನ್ನೇ ಎಲ್ಲರ ಮುಂದಿಡಿ. ಅಂದು ಪ್ಲಾಸ್ಟಿಕ್ ಬ್ಯಾನರ್, ನೀರಿನ ಬಾಟಲಿ ತರಿಸಬೇಡಿ.